ಪುಟದಕ್ಕ ಇಟ್ಟ ಜಾಗಗಳು

ಪ್ರೆಸ್ಸಿನಲ್ಲಿ ಎಲ್ಲರೂ ಅವಳನ್ನು ಪುಟದಕ್ಕ ಎಂದು ಕರೆಯುತ್ತಿದ್ದರು. ಜನ ಬರೆದು ತಂದದ್ದನ್ನು ಕಂಪ್ಯೂಟರಿನಲ್ಲಿ ಪುಟ ಕಟ್ಟಿ ಅಚ್ಚಿಗೆ ಒಪ್ಪಿಸುವುದು ಅವಳ ಕೆಲಸ. ಹೆತ್ತ ತಾಯಿ ಇಟ್ಟ ಅಡ್ಡಹೆಸರು ಮಾತ್ರ ಬೇರೆ: ಕಾವಲಿ ಹನಿ. ಕಾದ ಕಾವಲಿಯ ಮೇಲೆ ಬಿದ್ದ ನೀರು ಒಂದು ಕಡೆ ನಿಂತೀತೇ? ಇವಳೂ ಹಾಗೆ. ಊಟಕ್ಕೆ ಕೂತರೆ ನಡುವೆ ಎದ್ದು ಕಿಟಕಿಯಲ್ಲಿ ಇಣುಕುವಳು. ಬಸ್ಸಿಗೆ ಕಾಯುವಾಗ ನಿಲ್ದಾಣದ ಉದ್ದಕ್ಕೂ ಶತಪಥ ಹಾಕಿ, ಬಸ್ಸು ಬಂದಾಗ ಸರಿಯಾಗಿ ಆ ಕಡೆಯ ತುದಿಯಲ್ಲಿರುವಳು. ಕಾಲಿಗೆ ಚಕ್ರ ಕಟ್ಟಿಕೊಂಡೇ ಹುಟ್ಟಿದವಳು ಎಂದು ನೆಂಟರು ನಗುತ್ತಿದ್ದರು. ಮೊದಲು ಬಟ್ಟೆ ಅಂಗಡಿಗೆ ಸೇರಿದಳು; ಗಿರಾಕಿ ಬಣ್ಣ ಆರಿಸುವಷ್ಟರಲ್ಲಿ ತಾನೇ ಆರಿಸಿ, ಕಟ್ಟಿಕೊಟ್ಟು, ಬೈಸಿಕೊಂಡು ಹೊರಬಿದ್ದಳು. ಆಮೇಲೆ ಶಾಲೆಯೊಂದರ ಕಚೇರಿಯಲ್ಲಿ ಕೂರಿಸಿದರು. ಕುರ್ಚಿ ಕಚ್ಚುತ್ತದೆ ಎಂದು ಅದನ್ನೂ ಬಿಟ್ಟಳು. ಕೊನೆಗೆ ನೆಲೆ ನಿಂತದ್ದು ಪ್ರೆಸ್ಸಿನಲ್ಲಿ. ಅಲ್ಲಿ ಕಣ್ಣು, ಬೆರಳು ಸದಾ ಓಡುತ್ತಿರುತ್ತವೆ. ಮೇಜಿನ ಕೆಳಗೆ ಕಾಲು ಕುಣಿಸಿದರೆ ಕೇಳುವವರಿಲ್ಲ.

ಅವಳಿಗೊಬ್ಬ ತಮ್ಮ. ಆ ಮನೆಯ ಅವಸರವೆಲ್ಲ ಅಕ್ಕನಿಗೇ ಖರ್ಚಾಗಿ ಹೋದ ಮೇಲೆ ಹುಟ್ಟಿದವನಂತೆ ನಿಧಾನಸ್ಥ. ಅವನ ಮಾತು ತೊದಲುತ್ತಿತ್ತು. ಎಲ್ಲ ಮಾತೂ ಅಲ್ಲ. ಕೆಲವು ಅಕ್ಷರಗಳು ಮಾತ್ರ, ಅದರಲ್ಲೂ ‘ಸ’. ಬಾಗಿಲಿಗೆ ಅಡ್ಡ ಮಲಗಿದ ನಾಯಿಯ ಹಾಗೆ ಅದು ಏನು ಮಾಡಿದರೂ ಏಳುತ್ತಿರಲಿಲ್ಲ. ಏಳುವವರೆಗೆ ಕಾಯುವ ಜೀವವಲ್ಲ ಅಕ್ಕನದು. ಅವನು “ಸ... ಸ...” ಎನ್ನುವಷ್ಟರಲ್ಲಿ ಇವಳು, “ಸಕ್ಕರೆ ತಾನೇ? ತಗೋ” ಎಂದು ಡಬ್ಬಿ ಮುಂದಿಡುವಳು. ಅವನಿಗೆ ಬೇಕಾಗಿದ್ದದ್ದು ಸೌಟು. ಆದರೂ ಡಬ್ಬಿ ತೆಗೆದುಕೊಂಡು ಸುಮ್ಮನಾಗುವನು. “ಮಾತು ಬಲ್ಲವನಿಗೆ ಜಗಳವಿಲ್ಲ ಅಂತಾರೆ. ನಮ್ಮನೇಲಿ ಮಾತು ಬಾರದವನಿಗೇ ಜಗಳವಿಲ್ಲ” ಎಂದು ತಾಯಿ ನಗುತ್ತಲೇ ನಿಟ್ಟುಸಿರು ಬಿಡುತ್ತಿದ್ದರು.

ತಮ್ಮ ದೊಡ್ಡವನಾಗಿ ಊರಿಗೆ ನೀರು ಬಿಡುವ ಪಂಪ್‌ಹೌಸಿನಲ್ಲಿ ಕೆಲಸಕ್ಕೆ ಸೇರಿದ. ಹೇಳಿ ಮಾಡಿಸಿದ ಜಾಗ. ಮೋಟರುಗಳ ಗದ್ದಲದಲ್ಲಿ ಅಲ್ಲಿ ಯಾರ ಮಾತೂ ಯಾರಿಗೂ ಕೇಳುವುದಿಲ್ಲ, ಏನಿದ್ದರೂ ಕೈಸನ್ನೆ. ಅಂಗೈ ಮೇಲೆ ಮಾಡಿದರೆ ಚಾಲೂ ಮಾಡು, ಕೆಳಗೆ ಮಾಡಿ ಒತ್ತಿದರೆ ನಿಲ್ಲಿಸು. ಅವನ ಜೊತೆ ಕೆಲಸದವನೊಬ್ಬನಿದ್ದ. ಬಾಗಿಲಲ್ಲಿ ತಲೆ ಬಗ್ಗಿಸಿಯೇ ಒಳಗೆ ಬರಬೇಕಾದಷ್ಟು ಎತ್ತರ, ಹಾಗಾಗಿ ಅವನ ಹೆಸರು ಉದ್ದಣ್ಣ. ಇಬ್ಬರೂ ಮಾತಿಲ್ಲದೆ, ಕತೆಯಿಲ್ಲದೆ, ಅಣ್ಣತಮ್ಮಂದಿರ ಹಾಗೆ ಇದ್ದರು.

ಇತ್ತ ಪುಟದಕ್ಕ ಪ್ರೆಸ್ಸಿನಲ್ಲಿ ಕೆಲಸ ಕಲಿತಳು. ಮೊದಮೊದಲು ಎಲ್ಲರ ಹಾಗೆ ಅವಳೂ ಎರಡು ಪದಗಳ ನಡುವೆ ಜಾಗ ಹೆಚ್ಚು ಬೇಕಾದರೆ ಕೀಲಿಮಣೆಯ ಉದ್ದ ಕೀಲಿಯನ್ನು ಟಕಟಕ ಕುಟ್ಟುತ್ತಿದ್ದಳು. ಪ್ರೆಸ್ಸಿನ ಯಜಮಾನರು ಅದನ್ನು ನೋಡಿ ಒಂದು ದಿನ ಕುರ್ಚಿ ಎಳೆದು ಪಕ್ಕದಲ್ಲಿ ಕೂತರು.

“ಅದು ರಬ್ಬರ್ ಜಾಗ ಕಣಮ್ಮ. ಸಾಲು ಎರಡೂ ಅಂಚಿಗೆ ಸಮ ಆಗ್ಬೇಕಾದ್ರೆ ಕಂಪ್ಯೂಟರು ಅದನ್ನ ಹಿಗ್ಗಿಸಿ ಕುಗ್ಗಿಸಿ ಎಳೆದಾಡ್ತದೆ. ನೀನು ಇಟ್ಟ ಹಾಗೆ ಇರೋದಿಲ್ಲ. ಇಲ್ಲಿ ಬಾ, ಸಿಂಬಲ್ ಅಂತ ಇದೆಯಲ್ಲ, ಅದರೊಳಗೆ ಹೋಗು, ಸ್ಪೆಷಲ್ ಅಂತ ಇನ್ನೊಂದು ಬಾಗಿಲು. ನೋಡು, ಒಳಗೆ ಎಷ್ಟೊಂದು ಜಾಗ ಇದಾವೆ!”

ಇದ್ದವು. ಅಕ್ಷರದ ಎತ್ತರದಷ್ಟೇ ಅಗಲದ ಜಾಗ, ಅದರ ಅರ್ಧ, ಅದರ ಕಾಲು, ಕೂದಲೆಳೆಯಷ್ಟು ಸಣ್ಣದು. ಒಮ್ಮೆ ಇಟ್ಟರೆ ಇಟ್ಟ ಅಳತೆ ಬಿಡದವು. ಇವುಗಳ ಜೊತೆ ಇನ್ನೊಂದಿತ್ತು, ಯಜಮಾನರು ಅದನ್ನು ಅಂಟುಜಾಗ ಎನ್ನುತ್ತಿದ್ದರು. ನೋಡಲಿಕ್ಕೆ ಮಾಮೂಲು ಜಾಗವೇ, ಆದರೆ ಎರಡು ಪದಗಳ ನಡುವೆ ಅದನ್ನಿಟ್ಟರೆ ಆ ಪದಗಳು ಜೋಡಿ ಬಿಡುವುದಿಲ್ಲ. ಸಾಲು ಮುಗಿದು ಕೆಳಗೆ ಇಳಿಯಬೇಕಾಗಿ ಬಂದರೆ ಎರಡೂ ಕೈ ಹಿಡಿದುಕೊಂಡೇ ಇಳಿಯುತ್ತವೆ. ಗುರುತು ತೋರಿಸುವ ಗುಂಡಿ ಒತ್ತಿದರೆ ಮಾಮೂಲು ಜಾಗ ಚುಕ್ಕಿಯಾಗಿಯೂ ಅಂಟುಜಾಗ ಪುಟ್ಟ ಉಂಗುರವಾಗಿಯೂ ಕಾಣುತ್ತದೆ. ಪುಟದಕ್ಕನಿಗೆ ಇದು ಹುಚ್ಚು ಹಿಡಿಸಿತು. ತನ್ನ ಮನೆಯ ಕರೆಂಟ್ ಬಿಲ್ಲಿನಲ್ಲೂ ಊರ ಬೋರ್ಡಿನಲ್ಲೂ ತಪ್ಪು ಜಾಗ ಕಂಡು ಹೊಟ್ಟೆ ಉರಿಸಿಕೊಳ್ಳತೊಡಗಿದಳು. ಅವಳ ಗಂಡ ದರ್ಜಿ; ಮನೆಯ ಮುಂದಿನ ಕೋಣೆಯೇ ಅವನ ಅಂಗಡಿ. “ನಿನಗೆ ಮೊದಲೇ ಒಂದು ಕಡೆ ಕೂರಕ್ಕೆ ಬರಲ್ಲ. ಈಗ ಪದಗಳನ್ನೂ ಕೂರಕ್ಕೆ ಬಿಡಲ್ಲ ಅಂತೀಯ” ಎಂದು ಅವನು ಸೂಜಿಗೆ ದಾರ ಪೋಣಿಸುತ್ತ ಅಣಕಿಸುವನು.

ಹೀಗಿರುವಾಗ ಪಂಪ್‌ಹೌಸಿನಲ್ಲಿ ಅನಾಹುತವಾಯಿತು. ಕೆಟ್ಟ ಮೋಟರೊಂದನ್ನು ಸರಪಳಿ ರಾಟೆಯಲ್ಲಿ ಎತ್ತುತ್ತಿದ್ದಾಗ ಸರಪಳಿ ಹರಿದು ಮೋಟರು ಉದ್ದಣ್ಣನ ಪಾದದ ಮೇಲೆ ಬಿತ್ತು. ಆಸ್ಪತ್ರೆಯ ಕಾರಿಡಾರಿನಲ್ಲಿ ತಮ್ಮ ಗೋಡೆಗೆ ಒರಗಿ ಕೂತಿದ್ದ. ಅಂಗಿಯ ಮೇಲೆ ಮೋಟರಿನ ಎಣ್ಣೆ ಯಾವುದು, ರಕ್ತ ಯಾವುದು ತಿಳಿಯುತ್ತಿರಲಿಲ್ಲ. ಪುಟದಕ್ಕ ಓಡೋಡಿ ಬಂದವಳು ನಿಂತಲ್ಲಿ ನಿಲ್ಲಲಾರದೆ ಅವನ ಮುಂದೆ ಅತ್ತಿಂದಿತ್ತ ಸುತ್ತಿದಳು.

“ಸ... ಸರಪಳಿ ಸವೆದಿತ್ತು ಅಕ್ಕ. ನಾನು ನೋ... ನೋಡಿದ್ದೆ.”

“ನೋಡಿದ್ಯಾ? ಎಂಜಿನಿಯರಿಗೆ ಹೇಳ್ಲಿಲ್ವಾ?”

“ಹೇಳ್ತಾ ಇದ್ದೆ” ಎಂದ.

ಆದದ್ದಿಷ್ಟು. ಹಿಂದಿನ ದಿನ ಎಂಜಿನಿಯರ್ ಅಂಗಳದಲ್ಲಿ ಜೀಪು ಹತ್ತುವಾಗ ತಮ್ಮ ಓಡಿಹೋಗಿ ನಿಂತಿದ್ದ. “ಸ... ಸ... ಸರ...” ಎಂದು ಅಲ್ಲೇ ಸಿಕ್ಕಿಕೊಂಡ. ಎಂಜಿನಿಯರ್ ಕೆಟ್ಟವರಲ್ಲ. ನಗುತ್ತ, “ಸರಿಯಾಗಿದೆಯಾ? ಸರಿ ಸರಿ, ಹಾಗಾದ್ರೆ ನಾಳೆ ಎತ್ತಿಬಿಡಿ” ಎಂದು ಬೆನ್ನು ತಟ್ಟಿ ಹೊರಟುಹೋದರು. ಇವನು ‘ಸರಪಳಿ’ ಎನ್ನುವಷ್ಟರಲ್ಲಿ ಜೀಪು ಗೇಟು ದಾಟಿತ್ತು.

ಕೇಳುತ್ತ ಕೇಳುತ್ತ ಪುಟದಕ್ಕನಿಗೆ ಎಂಜಿನಿಯರ ಮೇಲೆ ಕೆಂಡದಂಥ ಕೋಪ ಬಂತು. ಮರುಕ್ಷಣವೇ, ತಾನೂ ಆ ಜಾಗದಲ್ಲಿದ್ದರೆ ಹಾಗೇ ಮಾಡುತ್ತಿದ್ದೆನಲ್ಲ ಎಂದು ಹೊಳೆದು, ಸುತ್ತುವುದನ್ನು ಬಿಟ್ಟು ತಮ್ಮನ ಪಕ್ಕದಲ್ಲಿ ನೆಲದ ಮೇಲೆ ಕೂತಳು.

ಉದ್ದಣ್ಣನ ಪಾದ ಉಳಿಯಿತು, ನಡಿಗೆ ಉಳಿಯಲಿಲ್ಲ. ಅವನು ಊರುಗೋಲು ಹಿಡಿದು ಮನೆಗೆ ಬರುವ ಹೊತ್ತಿಗೆ ಇಲಾಖೆಯವರು ತಪ್ಪನ್ನೆಲ್ಲ ಅವನ ತಲೆಗೇ ಕಟ್ಟಲು ಸಿದ್ಧರಾಗಿದ್ದರು. ಸರಪಳಿ ನೋಡಿಕೊಳ್ಳದೆ ಭಾರ ಎತ್ತಿದ, ಎತ್ತಿದ್ದರ ಕೆಳಗೇ ನಿಂತ ಎಂಬುದು ಆರೋಪ. ಕೆಲಸಕ್ಕೇ ಸಂಚಕಾರ. ಸರಪಳಿಯ ವಿಷಯ ಯಾರೂ ತನ್ನ ಗಮನಕ್ಕೆ ತಂದಿಲ್ಲ ಎಂದು ಎಂಜಿನಿಯರ್ ಬರೆದುಕೊಟ್ಟಿದ್ದರು. ಅವರು ಅದನ್ನು ನಂಬಿಯೇ ಬರೆದಿದ್ದರು. ಉಳಿದದ್ದು ತಮ್ಮನ ಸಾಕ್ಷಿ. ನಿಯಮ ಏನೆಂದರೆ, ಸಾಕ್ಷಿ ತನ್ನ ಹೇಳಿಕೆಯನ್ನು ಮೊದಲೇ ಕಚೇರಿಗೆ ಕಳಿಸಬೇಕು, ಒಂದೇ ಪ್ಯಾರಾದಲ್ಲಿ. ವಿಚಾರಣೆಯ ದಿನ ಅಧಿಕಾರಿಯ ಮುಂದೆ ಅದನ್ನು ತಾನೇ ಬಾಯಿಬಿಟ್ಟು ಓದಿ ಸಹಿ ಹಾಕಬೇಕು.

“ಅವನ ಬದಲು ನಾನು ಓದ್ತೀನಿ” ಎಂದು ಪುಟದಕ್ಕ ಕಚೇರಿಗೇ ಹೋಗಿ ಕೇಳಿದಳು.

“ಸಾಕ್ಷಿ ನಿಮ್ಮದೋ ಅವರದೋ?” ಎಂದ ಅಲ್ಲಿನ ಗುಮಾಸ್ತ.

ರಜೆಯ ದಿನ ಯಜಮಾನರಿಂದ ಬೀಗದ ಕೈ ಕೇಳಿ ತಂದು ಅವಳು ತಮ್ಮನನ್ನು ಪ್ರೆಸ್ಸಿಗೆ ಕರೆದುಕೊಂಡು ಹೋದಳು. ಯಂತ್ರಗಳು ಬಟ್ಟೆ ಹೊದ್ದು ಮಲಗಿದ್ದವು. ಶಾಯಿ, ಸೀಮೆಎಣ್ಣೆಯ ವಾಸನೆ. ಅವನು ಹೇಳಿದ್ದನ್ನು ಟೈಪು ಮಾಡಿ, ಓದು ಎಂದಳು. ಓದಿದ. ಎಲ್ಲಿ ಸಿಕ್ಕಿಕೊಳ್ಳುತ್ತಾನೆ ಎಂದು ನೋಡಿದಳು. ಎರಡು ಜಾಗ ಅವನಿಗೆ ಕಂಟಕ. ಒಂದು, ಉಸಿರು ಮುಗಿದ ಮೇಲೂ ವಾಕ್ಯ ಮುಗಿಯದಿದ್ದಾಗ. ಇನ್ನೊಂದು, ಕಣ್ಣು ಒಂದು ಸಾಲಿನ ಕೊನೆಯಿಂದ ಕೆಳಗಿಳಿದಾಗ ಹೊಸ ಸಾಲು ‘ಸ’ದಿಂದ ಶುರುವಾದರೆ. ಆಗಂತೂ ಬಾಗಿಲು ಧಡ್ ಎಂದು ಮುಚ್ಚಿಕೊಂಡಂತೆ ನಿಂತುಬಿಡುತ್ತಿದ್ದ. ಅದೇ ‘ಸ’ದ ಹಿಂದೆ ಒಂದು ಸುಲಭದ ಪದ ಇದ್ದರೆ, ‘ಆ ಸರಪಳಿ’ ಎನ್ನುವ ಹಾಗಿದ್ದರೆ, ಜಾರುಬಂಡೆ ಸಿಕ್ಕಂತೆ ಜಾರಿಹೋಗುತ್ತಿದ್ದ.

ಪುಟದಕ್ಕನ ಬೆರಳುಗಳಿಗೆ ಜೀವ ಬಂತು. ಪ್ಯಾರಾ ಒಡೆಯುವ ಹಾಗಿಲ್ಲ. ಜಾಗ ಇಡಬಾರದು ಎಂದು ಯಾರೂ ಹೇಳಿಲ್ಲವಲ್ಲ! ಅವನು ಉಸಿರು ತೆಗೆಯಬೇಕಾದಲ್ಲೆಲ್ಲ ಅಗಲದ ಜಾಗ ಇಟ್ಟಳು. ಸ್ವಲ್ಪ ತಡೆದರೆ ಸಾಕು ಎನ್ನುವಲ್ಲಿ ಅರ್ಧದ್ದು. ‘ಆ’ ಮತ್ತು ‘ಸರಪಳಿ’ಯ ನಡುವೆ, ‘ಅವರು’ ಮತ್ತು ‘ಸರಿ’ಯ ನಡುವೆ ಅಂಟುಜಾಗ. ಈಗ ಯಾವ ಸಾಲೂ ಆ ಹಾಳು ಅಕ್ಷರದಿಂದ ಶುರುವಾಗಲಾರದು. ಅಚ್ಚು ತೆಗೆದು ಕೈಗೆ ಕೊಟ್ಟಳು. ನೋಡುವವರಿಗೆ ಸ್ವಲ್ಪ ಬಿಡಿಬಿಡಿಯಾಗಿ ಕಾಣುವ ಹಾಳೆ, ಅಷ್ಟೆ. ತಮ್ಮ ಓದಿದ. ಕೊನೆಯವರೆಗೂ ಓದಿದ. ಓದಿ ತಾನೇ ಬೆರಗಾಗಿ ಹಾಳೆಯನ್ನು ತಿರುಗಿಸಿ ಹಿಂದೆ ಏನಿದೆ ಎಂದು ನೋಡಿದ.

ಹೇಳಿಕೆಯ ಫೈಲನ್ನು ಅವಳು ಇಮೇಲಿನಲ್ಲಿ ಕಚೇರಿಗೆ ಕಳಿಸಿದಳು. ಅಲ್ಲಿಂದ ವಿಚಾರಣೆಯ ದಿನದವರೆಗೆ ಅವಳಿಗೆ ನಿಂತಲ್ಲಿ ನೆಲೆಯಿಲ್ಲ. ದಿನಾ ಸಂಜೆ ದರ್ಜಿಯ ಕೋಣೆಯಲ್ಲಿ ತಮ್ಮನಿಗೆ ಓದಿಸುವುದು. ಅವನು ಅಗಲದ ಜಾಗದಲ್ಲಿ ನಿಂತರೆ ಇವಳಿಗೆ ಉಸಿರು ಕಟ್ಟುವುದು. “ಹೂಂ, ಮುಂದೆ” ಎನ್ನುವಳು. ಒಂದು ಸಂಜೆ ಗಂಡ ಹೊಲಿಗೆ ಯಂತ್ರ ನಿಲ್ಲಿಸಿ, “ಜಾಗ ಇಟ್ಟವಳೂ ನೀನೇ, ತುಂಬಿಸೋಳೂ ನೀನೇ. ಹೋಗು, ಅಂಗಡಿಯಿಂದ ಬಿಳಿ ದಾರ ತಗೊಂಡು ಬಾ” ಎಂದ. ಬಿಳಿ ದಾರ ಪೆಟ್ಟಿಗೆ ತುಂಬ ಇತ್ತು. ಅವಳು ಗೊಣಗುತ್ತ ಹೋದಳು, ತಂದಳು. ಮರುದಿನ ಕಪ್ಪು ದಾರಕ್ಕೆ ಹೋದಳು.

ವಿಚಾರಣೆಯ ದಿನ ಬಂತು. ಕಚೇರಿಯ ಮೇಲಿನ ಮಹಡಿಯಲ್ಲಿ ಉದ್ದ ಮೇಜು, ಕಿರುಗುಟ್ಟುವ ಫ್ಯಾನು. ಉದ್ದಣ್ಣ ಊರುಗೋಲನ್ನು ಗೋಡೆಗೆ ಆನಿಸಿ ಕೂತಿದ್ದ. ಎದುರಿಗೆ ಎಂಜಿನಿಯರ್. ಬೆಂಚಿನ ತುದಿಯಲ್ಲಿ ಪುಟದಕ್ಕ, ಮುಳ್ಳಿನ ಮೇಲೆ ಕೂತಂತೆ. ಗುಮಾಸ್ತ ಬಂದು ತಮ್ಮನ ಕೈಗೆ ಮುದ್ರೆ ಬಿದ್ದ ಹಾಳೆ ಕೊಟ್ಟ. ಅವಳು ಕತ್ತು ಚಾಚಿ ನೋಡಿದಳು. ಹಾಳೆ ಗಾರೆ ಮಾಡಿದ ಗೋಡೆಯ ಹಾಗೆ ಸಮತಟ್ಟಾಗಿತ್ತು. ಒಂದು ಜಾಗವೂ ಉಳಿದಿರಲಿಲ್ಲ.

“ಇದೇನ್ ಸ್ವಾಮಿ ಇದು? ನಾನು ಕಳಿಸಿದ್ದು ಹೀಗಿರ್ಲಿಲ್ಲ!”

“ಹೌದಮ್ಮ, ನೀವು ಕಳಿಸಿದ್ರಲ್ಲಿ ಜಾಗ ಎಲ್ಲ ಎರ್‍ರಾಬಿರ್‍ರಿ ಆಗಿತ್ತು” ಎಂದ ಗುಮಾಸ್ತ, ಉಪಕಾರ ಮಾಡಿದವನ ಮುಖದಲ್ಲಿ. “ನಮ್ಮ ಕಚೇರಿ ಫಾಂಟಿಗೆ ತಿರುಗಿಸಿ, ಎಲ್ಲಾ ಒಂದೇ ಸಮ ಮಾಡಿಟ್ಟಿದೀನಿ. ಬೆಳಗ್ಗೆಯಿಂದ ಅದೇ ಆಯ್ತು ನನಗೆ.”

ಅವಳು ಚೀಲದಿಂದ ತನ್ನ ಹಾಳೆ ತೆಗೆದು, “ಇದನ್ನ ನೋಡ್ಕೊಂಡು ಓದ್ಲಿ, ಮಾತು ಒಂದೂ ಬೇರೆ ಇಲ್ಲ” ಎಂದು ಗೋಗರೆದಳು. ಮುದ್ರೆ ಇರುವುದನ್ನೇ ಓದಬೇಕು ಎಂದ ಅವನು. ಅಷ್ಟರಲ್ಲಿ ವಿಚಾರಣಾಧಿಕಾರಿ ಬಂದು ಕೂತರು. ವಯಸ್ಸಾದ, ಸೌಮ್ಯ ಮುಖದ ಹೆಂಗಸು. ತಮ್ಮ ಎದ್ದು ನಿಂತ.

ಮೊದಲ ಸಾಲುಗಳು ಹೇಗೋ ದಾಟಿದವು. ಪುಟದಕ್ಕನಿಗೆ ಅಚ್ಚರಿಯಾಯಿತು. ಆಮೇಲೆ ಅವನು “ಆ” ಎಂದ. ಅಂಟು ಬಿಟ್ಟುಹೋಗಿತ್ತು, ‘ಆ’ ಸಾಲಿನ ಕೊನೆಯಲ್ಲಿ ಒಂಟಿಯಾಗಿತ್ತು. ಅವನ ಕಣ್ಣು ಕೆಳಗಿಳಿಯಿತು.

“ಸ... ಸ... ಸ...”

ಕುತ್ತಿಗೆಯ ನರ ಉಬ್ಬಿತು. ಫ್ಯಾನು ತಿರುಗಿತು. “ಸರ... ಸ...”

ಅಧಿಕಾರಿಗೆ ಕನಿಕರವಾಯಿತು. ಮುಂದಿದ್ದ ಪ್ರತಿಯ ಮೇಲೆ ಬೆರಳಿಟ್ಟು, “ಸರಿ, ಸರಿ. ಗೊತ್ತಾಯ್ತಪ್ಪ. ಮುಂದಕ್ಕೆ ಹೋಗಿ” ಎಂದರು.

ಪುಟದಕ್ಕ ಅರ್ಧ ಎದ್ದೇಬಿಟ್ಟಿದ್ದಳು. ಪದ ನಾಲಿಗೆಯ ತುದಿಗೆ ಬಂದಿತ್ತು. ತಮ್ಮ ಅವಳತ್ತ ನೋಡದೆಯೇ ಕೈ ಚಾಚಿ ಅಂಗೈ ಕೆಳಗೆ ಮಾಡಿ ಒತ್ತಿದ. ಉದ್ದಣ್ಣ ಆ ಸನ್ನೆ ನೋಡಿ ಗೋಡೆಯಿಂದ ಬೆನ್ನು ಎತ್ತಿ ನೆಟ್ಟಗೆ ಕೂತ. ಅವಳು ಕುಸಿದು ಕೂತು, ಬೆಂಚಿನ ಅಂಚನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು.

ತಮ್ಮ ಹಾಳೆಯನ್ನು ಮೇಜಿನ ಮೇಲಿಟ್ಟ.

“ಅಮ್ಮಾ, ಅವತ್ತೂ ಇ... ಇಷ್ಟೇ ಆಗಿದ್ದು” ಎಂದ. “ನಾನು ಇಲ್ಲೀವರೆಗೆ ಹೇಳಿದೆ. ಅವರೂ ನಿಮ್ಮ ಹಾಗೇ ಸ... ಸರಿ ಸರಿ ಅಂದ್ರು. ಬೆ... ಬೆನ್ನು ತಟ್ಟಿದ್ರು. ಜೀಪು ಹತ್ತಿದ್ರು. ನಾನು ಹೇಳ್ತಾ ಇದ್ದಿದ್ದು ಸ... ಸ...”

ಈ ಸಲ ಯಾರೂ ಬಾಯಿ ಹಾಕಲಿಲ್ಲ. ಅಧಿಕಾರಿ ಬೆರಳನ್ನು ಹಾಳೆಯಿಂದ ತೆಗೆದರು. ಕೆಳಗೆ ಬೀದಿಯಲ್ಲಿ ಯಾವುದೋ ಗಾಡಿ ಹಾರ್ನ್ ಹೊಡೆದುಕೊಂಡು ಹೋಯಿತು. ಪುಟದಕ್ಕನಿಗೆ ಆ ಹೊತ್ತು ಜನ್ಮದಷ್ಟು ಉದ್ದವಾಯಿತು. ಹಲ್ಲು ಕಚ್ಚಿ ಕಚ್ಚಿ ದವಡೆ ನೋಯತೊಡಗಿತು.

“ಸರಪಳಿ ಸವೆದಿದೆ ಅಂತ” ಎಂದ ತಮ್ಮ.

ಅಧಿಕಾರಿ ಎಂಜಿನಿಯರತ್ತ ತಿರುಗಿದರು. ಅವರು ಕನ್ನಡಕ ತೆಗೆದು ಕೈಯಲ್ಲಿ ಹಿಡಿದುಕೊಂಡಿದ್ದರು. ಒರೆಸಲಿಲ್ಲ, ಹಾಕಿಕೊಳ್ಳಲೂ ಇಲ್ಲ.

“ಬಂದಿದ್ದ ಮೇಡಂ. ಸರ... ಅಂತ ಏನೋ ಅಂದಿದ್ದು ಹೌದು. ಎಲ್ಲಾ ಸರಿ ಇದೆ ಅಂತಿದಾನೆ ಅಂದ್ಕೊಂಡೆ. ನಾನು ಅವಸರದಲ್ಲಿದ್ದೆ. ಇಷ್ಟು ದಿನ ನನಗೆ ಅದು ನೆನಪಿಗೇ ಬಂದಿರ್ಲಿಲ್ಲ.”

ವಿಚಾರಣೆ ಮುಗಿದ ಮೇಲೆ ಅಕ್ಕ ತಮ್ಮ ಇಬ್ಬರೂ ಎದುರಿನ ಟೀ ಅಂಗಡಿಗೆ ಹೋದರು. ಪುಟದಕ್ಕ ಕೂರದೆ, ಲೋಟ ಹಿಡಿದು ಮೇಜಿನ ಸುತ್ತ ಸುತ್ತುತ್ತ ಗುಮಾಸ್ತನ ವಂಶಕ್ಕೆಲ್ಲ ಶಾಪ ಹಾಕಿದಳು. “ಆ ಹಾಳೆ ಒಂದು ಇದ್ದಿದ್ರೆ ನೀನು ನೀರು ಕುಡಿದ ಹಾಗೆ ಓದ್ತಿದ್ದೆ!”

ತಮ್ಮ ಟೀ ಊದಿ ಊದಿ ಕುಡಿದ. “ಓದ್ತಿದ್ದೆ” ಎಂದ. “ಆದ್ರೆ... ಇನ್ನೊಂದು ಹೇಳ್ಲಾ? ನೀನು ಎದುರಿಗೇ ಕೂತಿದ್ದೆಯಲ್ಲ. ನಿನ್ನ ತುಟಿ ನನಗಿಂತ ಮುಂದೆ ಓಡ್ತಿತ್ತು. ಅದನ್ನ ನೋಡೇ ನ... ನಾನು ಸಿಕ್ಕಾಕ್ಕೊಂಡೆ.”

“ಹಾಗಾದ್ರೆ ನಾನು ಮಾಡಿದ್ದೆಲ್ಲ ದಂಡನಾ?” ಅವಳಿಗೆ ಅಳು ಬಂತು, ಸಿಟ್ಟೂ ಬಂತು.

“ತಾಳು, ಮು... ಮುಗಿಸ್ತೀನಿ.” ಅವನು ಲೋಟ ಕೆಳಗಿಟ್ಟ. “ಮೊದಲಿನ ಸಾಲು ಓದಿದ್ನಲ್ಲ, ಅದು ನಿನ್ನ ಜಾಗ ನೆ... ನೆನಪಿಟ್ಕೊಂಡೇ ಓದಿದ್ದು. ಹಾಳೇಲಿ ಇರ್ಲಿಲ್ಲ. ನನಗೆ ಕಾಣ್ತಿತ್ತು.”

ಅವಳು ಇನ್ನೊಂದು ಟೀ ಹೇಳಿದಳು, ಬಂದಾಗ ಕುಡಿಯಲಿಲ್ಲ.

ತೀರ್ಪು ತಿಂಗಳುಗಟ್ಟಲೆ ತಡವಾಗಿ ಬಂತು. ಅಷ್ಟು ದಿನ ಪುಟದಕ್ಕ ಇಲಾಖೆಯ ಮೆಟ್ಟಿಲು ಸವೆಸಿದಳು. ಗುಮಾಸ್ತ ಅವಳನ್ನು ದೂರದಿಂದ ಕಂಡರೇ ಫೈಲು ಹುಡುಕುವವನಂತೆ ಬಗ್ಗುತ್ತಿದ್ದ. ಉದ್ದಣ್ಣನ ತಪ್ಪೇನೂ ಇಲ್ಲ, ಸರಪಳಿ ಮೊದಲೇ ಸವೆದಿತ್ತು ಎಂದು ತೀರ್ಪಾಯಿತು. ಅವನಿಗೆ ಉಗ್ರಾಣದಲ್ಲಿ ಕೂತು ಮಾಡುವ ಕೆಲಸ ಸಿಕ್ಕಿತು. ಕುಂಟುತ್ತಲೇ ಓಡಾಡುತ್ತಾನೆ, ಚಳಿಯ ದಿನಗಳಲ್ಲಿ ನೋವು ಜಾಸ್ತಿ, ಆಗ ಯಾರ ಮೇಲಾದರೂ ರೇಗುತ್ತಾನೆ. ಎಂಜಿನಿಯರನ್ನು ಬೇರೆ ಕಡೆಗೆ ಹಾಕಿದರು. ಹೋಗುವ ದಿನ ಪಂಪ್‌ಹೌಸಿಗೆ ಬಂದು ತಮ್ಮನ ಮುಂದೆ ನಿಂತು, ಗದ್ದಲದಲ್ಲಿ ಏನೋ ಅಂದರಂತೆ. ಏನಂದರು ಎಂದು ತಮ್ಮನಿಗೆ ಕೇಳಿಸಲಿಲ್ಲ. ಮೋಟರು ನಿಲ್ಲಿಸುವಂತೆಯೂ ಇರಲಿಲ್ಲ.

ಹೊಸದಾಗಿ ಬಂದ ಎಂಜಿನಿಯರ್ ಒಂದು ಪದ್ಧತಿ ತಂದರು. ತಿಂಗಳಿಗೊಮ್ಮೆ ಎಲ್ಲ ಪಂಪ್‌ಹೌಸುಗಳ ಸಭೆ, ಪ್ರತಿ ಪಂಪ್‌ಹೌಸಿನಿಂದ ಒಬ್ಬರು ಎದ್ದು ಯಂತ್ರಗಳ ಸ್ಥಿತಿಗತಿ ಹೇಳಬೇಕು. ಜೊತೆಯವರೆಲ್ಲ ಸೇರಿ ತಮ್ಮನನ್ನೇ ಮುಂದೆ ತಳ್ಳಿದರು. “ಎಲ್ಲಾ ನಿನ್ನಿಂದಲೇ” ಎಂದು ಅವನು ಅಕ್ಕನ ಮೇಲೆ ಹರಿಹಾಯ್ದ. ಹಾಳೆ ಮಾಡಿಕೊಡು ಎಂದು ಕೇಳಿದ, ಮಾಡಿಕೊಟ್ಟಳು. ಈಗ ಅವನೇ ಪಕ್ಕದಲ್ಲಿ ಕೂತು, ಇಲ್ಲಿ ಅರ್ಧ ಸಾಕು, ಇಲ್ಲಿ ಪೂರ್ತಿ ಇಡು ಎನ್ನುತ್ತಾನೆ. ಅವಳು ಅರ್ಧ ಇಡಬೇಕಾದ ಕಡೆ ಪೂರ್ತಿ ಇಟ್ಟರೆ ಜಗಳವಾಡುತ್ತಾನೆ. ಒಂದು ಮಾತಿನಲ್ಲಿ ಮಾತ್ರ ಅವನು ಬಗ್ಗಲಿಲ್ಲ: ಸಭೆಗೆ ನೀನು ಬರಬೇಡ.

ಅವಳು ಬರುತ್ತಾಳೆ. ಒಳಗೆ ಹೋಗುವುದಿಲ್ಲ, ಅಷ್ಟೆ. ಸಭೆ ನಡೆಯುವ ಕಟ್ಟಡದ ಮುಂದಿನ ಬೀದಿಯಲ್ಲಿ ಹಣ್ಣಿನ ಗಾಡಿಯಿಂದ ಬೀಗದ ಅಂಗಡಿಯವರೆಗೆ, ಬೀಗದ ಅಂಗಡಿಯಿಂದ ಮತ್ತೆ ಹಣ್ಣಿನ ಗಾಡಿಯವರೆಗೆ ನಡೆಯುತ್ತಾಳೆ. ನಡುವೆ ನಿಂತು ಮಹಡಿಯ ಕಿಟಕಿ ನೋಡುತ್ತಾಳೆ; ಅಲ್ಲಿ ಪರದೆಯ ಹೊರತು ಏನೂ ಕಾಣುವುದಿಲ್ಲ.

“ಏನಕ್ಕ, ಬಸ್ ತಪ್ಪೋಯ್ತಾ?” ಎಂದು ಬೀಗದ ಅಂಗಡಿಯವನು ಒಂದು ದಿನ ಕೇಳಿದ.

“ಇಲ್ಲಪ್ಪ. ತಮ್ಮ ಒಳಗೆ ಮಾತಾಡ್ತಿದಾನೆ.”

“ಎಷ್ಟೊತ್ತಾಗುತ್ತೆ?”

“ಆಗುತ್ತೆ, ಹೊತ್ತಾಗುತ್ತೆ” ಎಂದು ಅವಳು ಆಗಲೇ ಹಣ್ಣಿನ ಗಾಡಿಯ ಕಡೆಗೆ ಹೊರಟಿದ್ದಳು.